ಅಣ್ಣಂದಿರ ಲೆಕ್ಕ, ಅಮ್ಮನ ರಕ್ತದ ನೆನಪು

ನಿಮಗೆ ಅಣ್ಣಂದಿರು ಎಷ್ಟು ಜನ?

ಹೆಣ್ಣು ಕೊಡುವ ಮನೆಯವರು ಕೇಳುವಂಥ ಪ್ರಶ್ನೆ ಇದು. ಮನುಷ್ಯನ ಲೈಂಗಿಕ ಒಲವಿನ ಗುಟ್ಟು ಹುಡುಕಲು ಹೊರಟವರು ಶತಮಾನದುದ್ದಕ್ಕೂ ಏನೇನೋ ಮಾಡಿದ್ದರು. ಮಿದುಳನ್ನು ಕೊಯ್ದು ಅಳೆದರು, ಹಾರ್ಮೋನು ತೂಗಿದರು, ಬಾಲ್ಯದ ಕನಸುಗಳನ್ನೆಲ್ಲ ಕೆದಕಿದರು. ಕೊನೆಗೆ ಕೆನಡಾದ ಟೊರಾಂಟೊ ನಗರದ ಕ್ಲಾರ್ಕ್ ಮನೋವೈದ್ಯ ಸಂಸ್ಥೆಯಲ್ಲಿದ್ದ ರೇ ಬ್ಲ್ಯಾಂಚರ್ಡ್ ಮತ್ತು ಆಂಥೊನಿ ಬೊಗಾರ್ಟ್ ಎಂಬಿಬ್ಬರು ಒಂದು ಕಾಗದ, ಒಂದು ಪೆನ್ನು ಹಿಡಿದು ಈ ಮದುವೆಮನೆ ಪ್ರಶ್ನೆಯನ್ನೇ ಕೇಳಿದರು. ಗಂಡಸರತ್ತಲೇ ಒಲವಿರುವ 302 ಗಂಡಸರು ಒಂದು ಕಡೆ, ಅದದೇ ವರ್ಷಗಳಲ್ಲಿ ಹುಟ್ಟಿದ, ಹೆಂಗಸರತ್ತ ಒಲವಿರುವ 302 ಗಂಡಸರು ಇನ್ನೊಂದು ಕಡೆ. ಅಕ್ಕಂದಿರೆಷ್ಟು? ತಂಗಿಯರೆಷ್ಟು? ತಮ್ಮಂದಿರೆಷ್ಟು? ಅಣ್ಣಂದಿರೆಷ್ಟು?

1996ರಲ್ಲಿ ಉತ್ತರ ಪ್ರಕಟವಾಯಿತು. ಅಕ್ಕಂದಿರು ಎಷ್ಟಿದ್ದರೂ ವ್ಯತ್ಯಾಸವಿಲ್ಲ. ತಂಗಿಯರಿಂದ ಇಲ್ಲ, ತಮ್ಮಂದಿರಿಂದ ಇಲ್ಲ. ಆದರೆ ಅಣ್ಣ! ಒಬ್ಬೊಬ್ಬ ಅಣ್ಣ ಹೆಚ್ಚಾದಂತೆಲ್ಲ ತಮ್ಮನಿಗೆ ಗಂಡಸರತ್ತ ಒಲವು ಇರುವ ಸಂಭವ ಶೇಕಡಾ 33ರಷ್ಟು ಏರುತ್ತಿತ್ತು. ಏರುವುದೂ ಹೇಗೆ, ಬಡ್ಡಿಯ ಮೇಲೆ ಚಕ್ರಬಡ್ಡಿ!

ಗಾಬರಿಯಾಗಿ ಮನೆಯ ಕಿರಿಮಗನತ್ತ ಓರೆಗಣ್ಣು ಹಾಯಿಸುವ ಮುನ್ನ ಒಂದು ಲೆಕ್ಕ ನೋಡಿ. ಅಣ್ಣನೇ ಇಲ್ಲದ ನೂರು ಗಂಡಸರಲ್ಲಿ ಇಬ್ಬರು ಸಲಿಂಗಿಗಳು ಎಂದಿಟ್ಟುಕೊಂಡರೆ, ಒಬ್ಬ ಅಣ್ಣನಿದ್ದವರಲ್ಲಿ ಅದು 2.6 ಆಗುತ್ತದೆ, ಇಬ್ಬರಿದ್ದರೆ 3.5, ಮೂವರಿದ್ದರೆ 4.6, ನಾಲ್ವರಿದ್ದರೆ 6. ನಾಲ್ವರು ಅಣ್ಣಂದಿರ ಬೆನ್ನಿಗೆ ಹುಟ್ಟಿದ ನೂರರಲ್ಲಿ 94 ಮಂದಿ ಹೆಣ್ಣಿನತ್ತಲೇ ನೋಡುತ್ತಾರೆ. ಹಾಗಾಗಿ ಇದರಿಂದ ಯಾರ ಭವಿಷ್ಯವನ್ನೂ ಹೇಳಲಾಗದು. ಬೆರಗು ಇರುವುದು ಬೇರೆ ಕಡೆ. ತಾನು ಹುಟ್ಟುವ ಎಷ್ಟೋ ವರ್ಷ ಮೊದಲೇ ಹುಟ್ಟಿದ ಇನ್ನೊಬ್ಬ ಹುಡುಗ ತನ್ನ ಹೃದಯ ಯಾರಿಗಾಗಿ ಡವಗುಟ್ಟಬೇಕು ಎಂಬುದರಲ್ಲಿ ಕೈಯಾಡಿಸುವುದಾದರೂ ಹೇಗೆ?

ಮೊದಲ ಅನುಮಾನ ಎಲ್ಲರಿಗೂ ಬರುವಂಥದ್ದೇ: ಬೆಳೆಸಿದ ರೀತಿ. ಅಣ್ಣಂದಿರ ಗುಂಪಿನಲ್ಲಿ ಏಟು ತಿಂದು ಬೆಳೆದ ಹುಡುಗ ಅಂಜುಬುರುಕನಾದನೋ? ಮೂರು ಗಂಡುಮಕ್ಕಳಾದ ಮೇಲೆ ಹೆಣ್ಣಿಗಾಗಿ ಹಂಬಲಿಸಿದ ತಾಯಿ ನಾಲ್ಕನೆಯವನಿಗೆ ಲಂಗ ತೊಡಿಸಿ, ಮೊಗ್ಗಿನ ಜಡೆ ಹಾಕಿ ಸ್ಟುಡಿಯೋದಲ್ಲಿ ಫೋಟೋ ತೆಗೆಸಿದಳೋ? (ನಮ್ಮ ಹಳೆಯ ಆಲ್ಬಮ್‌ಗಳಲ್ಲಿ ಅಂಥ ಫೋಟೋಗಳಿಗೇನೂ ಬರವಿಲ್ಲ. ಆ ಜಡೆಯವರಲ್ಲಿ ಬಹುಪಾಲು ಜನ ಈಗ ಮೀಸೆ ತಿರುವುವ ತಾತಂದಿರು.) ತಾಯಿಯನ್ನು ದೂರುವುದಕ್ಕೆ ದೊಡ್ಡ ಇತಿಹಾಸವೇ ಇದೆ. 1962ರಲ್ಲಿ ನ್ಯೂಯಾರ್ಕಿನ ಮನೋವಿಶ್ಲೇಷಕ ಇರ್ವಿಂಗ್ ಬೀಬರ್ ಮತ್ತು ಸಂಗಡಿಗರು ಅತಿಯಾಗಿ ಅಪ್ಪಿಕೊಂಡ ತಾಯಿ, ದೂರವೇ ಉಳಿದ ತಂದೆ ಸೇರಿದರೆ ಮಗ ಹೀಗಾಗುತ್ತಾನೆಂದು ದಪ್ಪ ಪುಸ್ತಕ ಬರೆದರು. ಆ ಪುಸ್ತಕದಿಂದಾಗಿ ಎಷ್ಟು ತಾಯಂದಿರು ತಮ್ಮನ್ನೇ ಹಳಿದುಕೊಂಡರೋ!

ಅಣ್ಣಂದಿರ ಆ ಮೊದಲ ಎಣಿಕೆಯಾಗಿ ಹತ್ತು ವರ್ಷದ ನಂತರ ಬೊಗಾರ್ಟ್ ಒಂದು ಅಪೂರ್ವ ಉಪಾಯ ಹೂಡಿದರು. ಮಹಾಭಾರತ ಗೊತ್ತಿರುವ ನಮಗೆ ಅದನ್ನು ಅರ್ಥಮಾಡಿಕೊಳ್ಳುವುದು ಸುಲಭ. ಪಾಂಡವರು ಐವರೂ ಒಂದೇ ಮನೆಯಲ್ಲಿ ಬೆಳೆದರು. ಆದರೆ ನಕುಲನಿಗೆ ಧರ್ಮರಾಯ ಒಡನೆ ಬೆಳೆದ ಅಣ್ಣನೇ ಹೊರತು ಒಂದೇ ಹೊಟ್ಟೆಯಲ್ಲಿ ಹುಟ್ಟಿದವನಲ್ಲ. ಅರ್ಜುನನಿಗೋ, ತನ್ನ ಅಣ್ಣನೆಂದು ಗೊತ್ತೇ ಇರದ, ಸೂತನ ಮನೆಯಲ್ಲಿ ಬೆಳೆದ ಕರ್ಣ ಒಂದೇ ಹೊಟ್ಟೆಯವನು. ಈಗ ಹೇಳಿ, ತಮ್ಮನ ಮೇಲೆ ಪರಿಣಾಮ ಬೀರುವುದು ಜೊತೆಗೆ ಬೆಳೆದ ಅಣ್ಣನೋ, ಜೊತೆಗೆ ಬೆಳೆಯದ ಒಡಹುಟ್ಟಿದವನೋ? ಬೊಗಾರ್ಟ್ 944 ಗಂಡಸರನ್ನು ಕಲೆಹಾಕಿದರು. ಅವರಲ್ಲಿ ದತ್ತು ಹೋದವರಿದ್ದರು, ಮಲತಾಯಿಯ ಮಕ್ಕಳೊಂದಿಗೆ ಬೆಳೆದವರಿದ್ದರು, ಒಡಹುಟ್ಟಿದವರಿಂದ ಬೇರಾದವರಿದ್ದರು. 2006ರಲ್ಲಿ ಬಂದ ಫಲಿತಾಂಶ ಓದಿದರೆ ಮೈ ಜುಮ್ಮೆನ್ನುತ್ತದೆ. ಒಂದೇ ಸೂರಿನಡಿ ವರ್ಷಾನುಗಟ್ಟಲೆ ಒಟ್ಟಿಗೆ ಬೆಳೆದ ಮಲತಾಯಿಯ ಮಗನಾದ ಅಣ್ಣ, ದತ್ತು ಅಣ್ಣ ಯಾವ ವ್ಯತ್ಯಾಸವನ್ನೂ ಮಾಡಲಿಲ್ಲ. ಅದೇ ತಾಯಿ ಹೆತ್ತ ಅಣ್ಣ ಬೇರೆಲ್ಲೋ ಬೆಳೆದಿದ್ದರೂ ಲೆಕ್ಕಕ್ಕೆ ಬಂದ!

ಧರ್ಮರಾಯ ಲೆಕ್ಕಕ್ಕಿಲ್ಲ, ಕರ್ಣ ಲೆಕ್ಕಕ್ಕಿದ್ದಾನೆ. ತಮ್ಮ ಆ ಅಣ್ಣನೊಂದಿಗೆ ಒಂದೇ ಸೂರಿನಡಿ ಬೆಳೆದೇ ಇಲ್ಲ. ಹಾಗಾದರೆ ಈ ಕುಟುಂಬದಲ್ಲಿ ಹುಡುಗರ ಲೆಕ್ಕ ಇಟ್ಟುಕೊಂಡವರು ಯಾರು? ಇಬ್ಬರೂ ಹಾದುಬಂದ ಜಾಗ ಒಂದೇ ಒಂದು, ತಾಯಿಯ ಗರ್ಭ.

ಗರ್ಭಕ್ಕೆ ನೆನಪಿರುತ್ತದೆಯೇ? ಇರುತ್ತದೆ. ಅದು ಕವಿಯ ಮಾತಲ್ಲ, ಹೆರಿಗೆ ಆಸ್ಪತ್ರೆಯಲ್ಲಿ ದಿನವೂ ನಡೆಯುವ ವ್ಯವಹಾರ. ನೆಗೆಟಿವ್ ರಕ್ತದ ಗುಂಪಿನ ತಾಯಿಗೆ ಪಾಸಿಟಿವ್ ಮಗು ಹುಟ್ಟಿದರೆ ಮೂರು ದಿನದೊಳಗೆ ಆಂಟಿ-ಡಿ ಇಂಜೆಕ್ಷನ್ ಕೊಡುವುದು ಎಲ್ಲರಿಗೂ ಗೊತ್ತು. ಯಾಕೆ? ಮೊದಲ ಮಗುವಿನ ರಕ್ತಕಣಗಳು ಹೆರಿಗೆಯ ಹೊತ್ತಿನಲ್ಲಿ ತಾಯಿಯ ರಕ್ತಕ್ಕೆ ಸೇರುತ್ತವೆ. ಅವಳ ದೇಹ ಅವನ್ನು ಪರಕೀಯವೆಂದು ಗುರುತಿಟ್ಟುಕೊಂಡು ಪ್ರತಿಕಾಯಗಳನ್ನು ತಯಾರಿಸುತ್ತದೆ. ಮೊದಲ ಮಗು ಅಷ್ಟರಲ್ಲಿ ಸುಖವಾಗಿ ಹೊರಬಂದಿರುತ್ತದೆ. ಪೆಟ್ಟು ತಿನ್ನುವುದು ಎರಡನೆಯದು. ಅಂದರೆ ಅಣ್ಣ ಬಿಟ್ಟುಹೋದ ಗುರುತು ತಮ್ಮನ ಮೈಗೆ ತಟ್ಟುವುದು ವೈದ್ಯಶಾಸ್ತ್ರಕ್ಕೆ ಹಳೆಯ ಸಂಗತಿ.

ಇನ್ನೂ ಕೇಳಿ. ಅದೇ 1996ರಲ್ಲಿ ಅಮೆರಿಕದ ಡಯಾನಾ ಬಿಯಾಂಕಿ ಮತ್ತು ತಂಡ ತಾಯಂದಿರ ರಕ್ತ ಪರೀಕ್ಷಿಸಿದಾಗ ವೈ ವರ್ಣತಂತು ಹೊತ್ತ ಜೀವಕೋಶಗಳು ಸಿಕ್ಕವು. ವೈ ಅಂದರೆ ಗಂಡಿನ ಗುರುತು, ಹೆಂಗಸಿನ ರಕ್ತದಲ್ಲಿ ಅದಕ್ಕೇನು ಕೆಲಸ? ಅವು ಆ ತಾಯಂದಿರು ಹಿಂದೆ ಹೊತ್ತಿದ್ದ ಗಂಡುಮಕ್ಕಳ ಕೋಶಗಳು. ಒಬ್ಬ ತಾಯಿಯಲ್ಲಂತೂ ಹೆರಿಗೆಯಾಗಿ 27 ವರ್ಷವಾಗಿದ್ದರೂ ಅವು ರಕ್ತದಲ್ಲಿ ಸುತ್ತುತ್ತಿದ್ದವು! 2012ರಲ್ಲಿ ಸಿಯಾಟಲ್‌ನ ಸಂಶೋಧಕರು ತೀರಿಕೊಂಡ 59 ಹೆಂಗಸರ ಮಿದುಳನ್ನು ಪರಿಶೀಲಿಸಿದರು. 37 ಮಿದುಳುಗಳಲ್ಲಿ ಗಂಡಿನ ಡಿಎನ್ಎ ಇತ್ತು. ಅವರಲ್ಲಿ ಹಿರಿಯಳಿಗೆ 94 ವರ್ಷ. ಮಗ ಅಮ್ಮನನ್ನು ಮರೆತರೂ ಅಮ್ಮನ ತಲೆಯಿಂದ ಮಗ ಹೋಗಿರುವುದಿಲ್ಲ, ಅಕ್ಷರಶಃ.

ಈ ಎರಡನ್ನೂ ಕೂಡಿಸಿ. ಹೆಂಗಸಿನ ಸ್ವಂತ ಜೀವಕೋಶಗಳಲ್ಲಿ ವೈ ವರ್ಣತಂತು ಇಲ್ಲ. ಆದ್ದರಿಂದ ಅದು ತಯಾರಿಸುವ ಪ್ರೋಟೀನುಗಳು ಅವಳ ರೋಗನಿರೋಧಕ ವ್ಯವಸ್ಥೆಗೆ ಅಪರಿಚಿತ. ಮೊದಲ ಗಂಡುಮಗು ಬಂದಾಗ ಪರಿಚಯವಾಗುತ್ತದೆ, ಎರಡನೆಯವನು ಬರುವಾಗ ಗುರುತು ಹಿಡಿಯುತ್ತದೆ, ಮೂರನೆಯವನ ಹೊತ್ತಿಗೆ ಪ್ರತಿಕಾಯಗಳು ಸಿದ್ಧ. ಅವು ಮಾಸನ್ನು ದಾಟಿ ರೂಪುಗೊಳ್ಳುತ್ತಿರುವ ಮಿದುಳಿನಲ್ಲಿ ಎಲ್ಲೋ ಒಂದೆರಡು ತಂತಿಗಳ ಜೋಡಣೆಯನ್ನು ಬದಲಿಸುತ್ತವೆ. ಬ್ಲ್ಯಾಂಚರ್ಡ್ ಮತ್ತು ಬೊಗಾರ್ಟ್ ಹೀಗೊಂದು ಊಹೆಯನ್ನು ಆಗಲೇ ಕಟ್ಟಿದ್ದರು. ಅಕ್ಕಂದಿರು ಯಾಕೆ ಲೆಕ್ಕಕ್ಕಿಲ್ಲ ಎಂಬುದಕ್ಕೂ ಇದರಲ್ಲೇ ಉತ್ತರ: ಅಕ್ಕನ ಬಳಿ ವೈ ಇಲ್ಲ.

ಊಹೆಯನ್ನು ಸಾಬೀತು ಮಾಡಲು ಅಮ್ಮಂದಿರ ರಕ್ತ ಬೇಕಿತ್ತು. ಬ್ರಾಕ್ ವಿಶ್ವವಿದ್ಯಾಲಯಕ್ಕೆ ಹೋಗಿದ್ದ ಬೊಗಾರ್ಟ್ ಮತ್ತು ತಂಡದವರು 142 ಹೆಂಗಸರ ಮತ್ತು 12 ಗಂಡಸರ ರಕ್ತ ಪಡೆದರು. ಹುಡುಕಿದ್ದು ಮುಖ್ಯವಾಗಿ ನ್ಯೂರೋಲಿಜಿನ್-4 ವೈ ಎಂಬ ಪ್ರೋಟೀನಿನ ವಿರುದ್ಧದ ಪ್ರತಿಕಾಯವನ್ನು. ನರಕೋಶಗಳು ಒಂದಕ್ಕೊಂದು ಕೈಕುಲುಕುವ ಜಾಗದಲ್ಲಿ ಕೂತು ಬೆಸುಗೆ ಹಾಕುವ ಪ್ರೋಟೀನು ಅದು. 2018ರ ಆರಂಭದಲ್ಲಿ ಅಚ್ಚಾದ ಆ ಲೇಖನದ ಪ್ರಕಾರ, ಸಲಿಂಗಿ ಮಗನನ್ನು ಹೆತ್ತ ತಾಯಂದಿರಲ್ಲಿ, ಅದರಲ್ಲೂ ಆ ಮಗನಿಗೆ ಅಣ್ಣಂದಿರಿದ್ದಲ್ಲಿ, ಈ ಪ್ರತಿಕಾಯದ ಮಟ್ಟ ಮಿಕ್ಕ ತಾಯಂದಿರಿಗಿಂತ ಸ್ಪಷ್ಟವಾಗಿ ಹೆಚ್ಚಿತ್ತು. ಇಪ್ಪತ್ತು ವರ್ಷ ಹಿಂದೆ ಒಡಹುಟ್ಟಿದವರ ಪಟ್ಟಿಯಿಂದ ಹೊರಟ ಊಹೆ ಪ್ರಯೋಗಾಲಯದ ರಕ್ತದಲ್ಲಿ ಸಿಕ್ಕಿತು! ಪ್ರತಿಕಾಯ ಭ್ರೂಣದ ಮಿದುಳಿನಲ್ಲಿ ಏನು ಮಾಡುತ್ತದೆಂದು ಆ ಅಧ್ಯಯನ ತೋರಿಸಲಿಲ್ಲ, ಅದು ನಿಜ. ಆದರೂ ಬೆರಳು ಮತ್ತೆ ತಾಯಿಯತ್ತಲೇ ತಿರುಗಿತಲ್ಲ ಎನ್ನುವವರಿಗೆ ಒಂದು ಮಾತು. ಬೀಬರ್ ಬೆರಳು ತೋರಿಸಿದ್ದು ಅವಳ ಪ್ರೀತಿಯತ್ತ. ಇದು ಅವಳ ರಕ್ತ. ರಕ್ತದ ಗುಂಪಿಗಾಗಿ ಯಾರನ್ನೂ ದೂರಲಾಗದು.

ಈಗ ಆ ಹಳೆಯ ಜಗಳಕ್ಕೆ ಬರೋಣ. ಹುಟ್ಟುಗುಣವೋ, ಸಹವಾಸವೋ? ಈ ಎರಡನ್ನು ಎದುರುಬದುರು ನಿಲ್ಲಿಸಿ ಜನಪ್ರಿಯಗೊಳಿಸಿದವನು ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್, 1874ರ ಪುಸ್ತಕದಲ್ಲಿ. ತಮಾಷೆಯೆಂದರೆ ಅದೇ ಪುಸ್ತಕದಲ್ಲಿ ಅವನೂ ಹುಟ್ಟಿದ ಕ್ರಮ ಎಣಿಸಿದ್ದ, ವಿಜ್ಞಾನಿಗಳಲ್ಲಿ ಚೊಚ್ಚಲು ಗಂಡುಮಕ್ಕಳೇ ಹೆಚ್ಚೆಂದು ಕಂಡಿದ್ದ. ಅವನು ಕಟ್ಟಿದ ಎರಡು ಕೋಣೆಗಳಲ್ಲಿ ಅಣ್ಣಂದಿರ ಈ ಸಂಗತಿಯನ್ನು ಯಾವುದಕ್ಕೆ ಸೇರಿಸುತ್ತೀರಿ? ತಮ್ಮನ ವಂಶವಾಹಿ ಒಂದಕ್ಷರವೂ ಬದಲಾಗಿಲ್ಲ, ಹಾಗಾಗಿ ಅದು ಹುಟ್ಟುಗುಣವಲ್ಲ. ಬೆಳೆಸಿದ ರೀತಿಗೆ ಸಂಬಂಧವೇ ಇಲ್ಲ, ಹಾಗಾಗಿ ಸಹವಾಸವೂ ಅಲ್ಲ. ಸುತ್ತಲಿನ ಪರಿಸರವೇ ಹೌದು, ಆದರೆ ಹುಟ್ಟುವ ಮೊದಲಿನ ಪರಿಸರ. ಅದನ್ನು ರೂಪಿಸಿದವನು ಇನ್ನೊಬ್ಬ ಮಗ. ಎರಡು ಕೋಣೆಗಳ ನಡುವಿನ ಗೋಡೆಯೊಳಗೇ ಯಾರೋ ಒಂಬತ್ತು ತಿಂಗಳು ಸಂಸಾರ ಹೂಡಿದ್ದರು, ನಾವು ಗಮನಿಸಿರಲಿಲ್ಲ.

ಅದೇ ಕೆನಡಾದಲ್ಲಿ, ಬ್ಲ್ಯಾಂಚರ್ಡ್‌ಗಿಂತ ಮೂರು ದಶಕ ಮೊದಲು, ಬೆಳೆಸುವುದೇ ಎಲ್ಲ ಎಂದು ನಂಬಿದವರು ಒಂದು ಕೂಸಿನ ಮೇಲೆ ಮಾಡಿದ್ದು ಓದಿದರೆ ಬೆರಗಿನ ಜೊತೆ ಸಂಕಟವೂ ಆಗುತ್ತದೆ. ವಿನಿಪೆಗ್ ನಗರದಲ್ಲಿ 1965ರಲ್ಲಿ ತದ್ರೂಪಿ ಅವಳಿ ಗಂಡುಮಕ್ಕಳು ಹುಟ್ಟಿದರು. ಎಂಟು ತಿಂಗಳಾದಾಗ ಮುಂದೊಗಲು ತೆಗೆಯುವ ಶಸ್ತ್ರಚಿಕಿತ್ಸೆಯಲ್ಲಿ ವಿದ್ಯುತ್ ಉಪಕರಣ ಕೈಕೊಟ್ಟು ಒಬ್ಬನ ಶಿಶ್ನ ಸುಟ್ಟುಹೋಯಿತು. ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್‌ನ ಖ್ಯಾತ ಮನಶ್ಶಾಸ್ತ್ರಜ್ಞ ಜಾನ್ ಮನಿ ಸಲಹೆ ಕೊಟ್ಟರು: ಹೆಣ್ಣಾಗಿ ಬೆಳೆಸಿ, ಹೆಣ್ಣೇ ಆಗುತ್ತದೆ. ಎರಡು ವರ್ಷ ತುಂಬುವ ಮೊದಲೇ ವೃಷಣ ತೆಗೆದರು, ಬ್ರೆಂಡಾ ಎಂದು ಹೆಸರಿಟ್ಟರು, ಲಂಗ ತೊಡಿಸಿದರು, ಹರೆಯ ಬಂದಾಗ ಹೆಣ್ಣಿನ ಹಾರ್ಮೋನು ಕೊಟ್ಟರು. ಹೋಲಿಸಿ ನೋಡಲು ಪಕ್ಕದಲ್ಲೇ ಅದೇ ವಂಶವಾಹಿಯ ಸೋದರ! ಪ್ರಯೋಗ ಗೆದ್ದಿದೆ ಎಂದು ಮನಿ 1972ರಲ್ಲಿ ಪುಸ್ತಕದಲ್ಲಿ ಸಾರಿದರು. ಮನೆಯಲ್ಲಿ ಬ್ರೆಂಡಾ ಲಂಗ ಹರಿದುಹಾಕುತ್ತಿದ್ದಳು, ನಿಂತೇ ಮೂತ್ರ ಮಾಡಲು ಹಟ ಹಿಡಿಯುತ್ತಿದ್ದಳು. 1980ರಲ್ಲಿ ತಂದೆ ನಿಜ ಹೇಳಿದ. ಕೇಳಿದ ಕೆಲವೇ ದಿನಗಳಲ್ಲಿ ಆ ಮಗು ಗಂಡಾಗಿ ಬದುಕಲು ತೀರ್ಮಾನಿಸಿ ಡೇವಿಡ್ ಎಂದು ಹೆಸರಿಟ್ಟುಕೊಂಡಿತು. ಮುಂದೆ ಮದುವೆಯೂ ಆಯಿತು. ಸಂಶೋಧಕರಾದ ಮಿಲ್ಟನ್ ಡೈಮಂಡ್ ಮತ್ತು ಕೀತ್ ಸಿಗ್ಮಂಡ್‌ಸನ್ 1997ರಲ್ಲಿ ನಿಜ ಸಂಗತಿ ಬರೆದಾಗ ವೈದ್ಯಲೋಕ ಬೆಚ್ಚಿತು. 2004ರಲ್ಲಿ, 38ರ ವಯಸ್ಸಿನಲ್ಲಿ ಡೇವಿಡ್ ರೈಮರ್ ತಾನೇ ಜೀವ ಕಳೆದುಕೊಂಡರು.

ಹುಟ್ಟುಗುಣವೇ ಗೆದ್ದಿತು ಎನ್ನುತ್ತೀರಾ? ತಡೆಯಿರಿ. ಡೈಮಂಡ್ ಅವರ ವರದಿಯ ಮರುವರ್ಷವೇ, 1998ರಲ್ಲಿ, ಕೆನಡಾದ ಇನ್ನೊಂದು ಪ್ರಕರಣ ಪ್ರಕಟವಾಯಿತು. ಎರಡು ತಿಂಗಳಲ್ಲೇ ಅಂಥದೇ ಅವಘಡ, ಏಳು ತಿಂಗಳಲ್ಲಿ ಹೆಣ್ಣಾಗಿ ಬೆಳೆಸುವ ನಿರ್ಧಾರ. ಆಕೆ ದೊಡ್ಡವಳಾದ ಮೇಲೂ ತಾನು ಹೆಣ್ಣೆಂದೇ ಹೇಳಿಕೊಂಡಳು! ಆದರೆ ಅವಳ ಒಲವು ಗಂಡು ಹೆಣ್ಣು ಇಬ್ಬರತ್ತಲೂ ಇತ್ತು. ತಾನು ಯಾರು ಎಂಬುದು ಒಂದು, ತನ್ನ ಮನಸ್ಸು ಯಾರತ್ತ ವಾಲುತ್ತದೆ ಎಂಬುದು ಇನ್ನೊಂದು. ಎರಡೂ ಒಂದೇ ದಾರದಲ್ಲಿ ಪೋಣಿಸಿಲ್ಲವೆಂದು ಈ ಒಂದು ಬದುಕು ತೋರಿಸಿಕೊಟ್ಟಿತು. ಹೀಗೆ ಶಿಶುವಾಗಿದ್ದಾಗಲೇ ಹೆಣ್ಣಾಗಿ ಬದಲಾಯಿಸಲ್ಪಟ್ಟ ಗಂಡುಮಕ್ಕಳಲ್ಲಿ, ದೊಡ್ಡವರಾದ ಮೇಲಿನ ಒಲವಿನ ದಾಖಲೆ ಇರುವ ಏಳು ಪ್ರಕರಣಗಳನ್ನು 2016ರ ಒಂದು ವಿಮರ್ಶೆ ಒಟ್ಟುಗೂಡಿಸಿತು. ಏಳರಲ್ಲೂ ಒಲವು ಹೆಣ್ಣಿನ ಕಡೆಗೇ ಹೆಚ್ಚು. ಗುರುತು ಕೆಲವೊಮ್ಮೆ ಬಾಗಿತು, ಒಲವು ಅಷ್ಟಾಗಿ ಬಾಗಲಿಲ್ಲ. ನನಗಂತೂ ಏಳೇ ಪ್ರಕರಣಗಳ ಈ ಸಣ್ಣ ಪಟ್ಟಿ ಯಾವ ದೊಡ್ಡ ಸಿದ್ಧಾಂತಕ್ಕಿಂತ ತೂಕದ್ದೆನಿಸುತ್ತದೆ.

ಗುರುತಿನ ಬಗ್ಗೆ ಇದಕ್ಕಿಂತ ಸೋಜಿಗದ ಊರೊಂದಿದೆ. ಕೆರಿಬಿಯನ್ ಸಮುದ್ರದ ಡೊಮಿನಿಕನ್ ಗಣರಾಜ್ಯದ ಸಲಿನಾಸ್. ಅಲ್ಲಿ ಕೆಲವು ಮಕ್ಕಳು ಹೆಣ್ಣೆಂದು ಹುಟ್ಟಿ, ಹೆಣ್ಣಾಗಿ ಬೆಳೆದು, ಹನ್ನೆರಡರ ಹೊತ್ತಿಗೆ ಧ್ವನಿ ಒಡೆದು, ಶಿಶ್ನ ಬೆಳೆದು ಗಂಡಾಗುತ್ತಾರೆ! ಸಂಶೋಧಕಿ ಜೂಲಿಯಾನ್ ಇಂಪೆರಾಟೊ-ಮೆಕ್‌ಗಿನ್ಲಿ 1974ರಲ್ಲಿ ಗುಟ್ಟು ಬಿಡಿಸಿದರು. ಟೆಸ್ಟೋಸ್ಟಿರೋನನ್ನು ಇನ್ನೊಂದು ರೂಪಕ್ಕೆ ತಿರುಗಿಸುವ ಕಿಣ್ವವೊಂದರ ಕೊರತೆಯಿಂದ ಗರ್ಭದಲ್ಲಿ ಗಂಡಿನ ಹೊರ ಅಂಗ ಬೆಳೆಯದೆ ಉಳಿದಿರುತ್ತದೆ, ಹರೆಯದ ಟೆಸ್ಟೋಸ್ಟಿರೋನಿನ ಪ್ರವಾಹದಲ್ಲಿ ಅದು ಎಚ್ಚರಗೊಳ್ಳುತ್ತದೆ. ಹೆಣ್ಣುಮಕ್ಕಳಾಗಿಯೇ ಬೆಳೆಸಲ್ಪಟ್ಟಿದ್ದ 18 ಮಂದಿಯಲ್ಲಿ 17 ಮಂದಿ ಆಮೇಲೆ ತಮ್ಮನ್ನು ಗಂಡಸರೆಂದೇ ಭಾವಿಸಿದರು. ಹನ್ನೆರಡು ವರ್ಷದ ಬಳೆ, ಜಡೆ, ಗೊಂಬೆಯಾಟ ಎಲ್ಲ ಆ ಪ್ರವಾಹದಲ್ಲಿ ಕೊಚ್ಚಿಹೋದವು. (ಬೋಳುತಲೆಗೆ ಇಂದು ಔಷಧಿ ಅಂಗಡಿಯಲ್ಲಿ ಸಿಗುವ ಫಿನಾಸ್ಟರೈಡ್ ಮಾತ್ರೆಯ ಹಿಂದೆಯೂ ಈ ಊರಿನ ಮಕ್ಕಳೇ ಇದ್ದಾರೆ; ಅದು ತಡೆಯುವುದು ಇದೇ ಕಿಣ್ವವನ್ನು.)

ವಂಶವಾಹಿಯ ಕಥೆಯನ್ನೂ ಬೇಗ ಹೇಳಿಬಿಡುತ್ತೇನೆ. 2019ರಲ್ಲಿ 4,77,522 ಜನರ ಡಿಎನ್ಎ ಜಾಲಾಡಿದ ಅಧ್ಯಯನ ಬಂತು. ‘ಸಲಿಂಗಿ ಜೀನ್’ ಸಿಗಲಿಲ್ಲ. ಸಿಕ್ಕಿದ್ದು ಐದು ಚಿಕ್ಕ ತಾಣಗಳು, ಒಂದು ವಾಸನೆ ಹಿಡಿಯುವ ವಂಶವಾಹಿಗಳ ಬಳಿ, ಇನ್ನೊಂದು ಮತ್ತದೇ ಬೋಳುತಲೆಗೆ ನಂಟಿದ್ದದ್ದು! ಐದನ್ನೂ ಕೂಡಿಸಿದರೆ ಪ್ರಭಾವ ಶೇಕಡಾ ಒಂದಕ್ಕೂ ಕಡಿಮೆ. ಎಣಿಕೆಗೆ ಸಿಗದಷ್ಟು ಪುಟ್ಟ ವ್ಯತ್ಯಾಸಗಳನ್ನೆಲ್ಲ ಗುಡ್ಡೆ ಹಾಕಿದರೆ ಶೇಕಡಾ 8ರಿಂದ 25. ತದ್ರೂಪಿ ಅವಳಿಗಳಲ್ಲೂ ಒಬ್ಬ ಸಲಿಂಗಿ, ಇನ್ನೊಬ್ಬ ಅಲ್ಲ ಎಂಬುದು ಎಷ್ಟೋ ಕಡೆ ಕಂಡದ್ದೇ.

ಇಷ್ಟೆಲ್ಲ ಹೇಳಿದ ಮೇಲೆ ಈ ಅಣ್ಣಂದಿರ ಲೆಕ್ಕಕ್ಕೇ ಕಲ್ಲು ಬಿದ್ದದ್ದನ್ನು ಮುಚ್ಚಿಡುವುದು ಸರಿಯಲ್ಲ. 2022ರಲ್ಲಿ ನೆದರ್ಲೆಂಡ್ಸ್‌ನ 90 ಲಕ್ಷ ಜನರ ಸರ್ಕಾರಿ ದಾಖಲೆ ಹಿಡಿದು, ಒಂದೇ ಲಿಂಗದವರನ್ನು ಮದುವೆಯಾದವರು ಯಾರು, ಅವರ ಅಣ್ಣಂದಿರೆಷ್ಟು ಎಂದು ನೋಡಿದರು. ಲೆಕ್ಕ ನಿಂತಿತು! ಆದರೆ ಹೆಂಗಸರಲ್ಲೂ ನಿಂತಿತು. ಅಣ್ಣಂದಿರಿದ್ದ ತಂಗಿಯರೂ ಹೆಂಗಸರನ್ನು ಮದುವೆಯಾಗುವ ಸಂಭವ ಹೆಚ್ಚಿತ್ತು. ವೈ ಇಲ್ಲದ ತಂಗಿಯ ಮೇಲೆ ವೈ ಪ್ರೋಟೀನಿನ ಪ್ರತಿಕಾಯಕ್ಕೇನು ಕೆಲಸ? ಮರುವರ್ಷ ವಿಯೆನ್ನಾದ ಸಂಶೋಧಕರು ಹಳೆಯ ಅಧ್ಯಯನಗಳನ್ನೆಲ್ಲ ಮತ್ತೆ ತೂಗಿ, ಇದರಲ್ಲಿ ಬಹುಪಾಲು ಲೆಕ್ಕ ಹಾಕುವ ಕ್ರಮದಿಂದಲೇ ಹುಟ್ಟಿದ ಭ್ರಮೆ ಎಂದು ವಾದಿಸಿದರು. ದೊಡ್ಡ ಕುಟುಂಬ ಎಂದರೆ ಅಣ್ಣ, ಅಕ್ಕ ಎಲ್ಲರೂ ಹೆಚ್ಚು. ಅಣ್ಣನ ಪಾಲನ್ನು ಮಾತ್ರ ಬೇರ್ಪಡಿಸುವುದು ಅಂದುಕೊಂಡಷ್ಟು ಸುಲಭವಲ್ಲ. ಜಗಳ ಬಿಸಿಯಾಗಿಯೇ ಇದೆ. ನಾನು ಪಣ ಕಟ್ಟುವುದಾದರೆ ಅಣ್ಣಂದಿರ ಪರವೇ ಕಟ್ಟುತ್ತೇನೆ, ಆದರೆ ಮನೆ ಮಾರಿ ಕಟ್ಟುವುದಿಲ್ಲ. ಪಣ ಸೋತರೂ ಒಂದು ಸಮಾಧಾನವಿದೆ: 2018ರ ಸೆಪ್ಟೆಂಬರ್ 6ರಂದು ನಮ್ಮ ಸುಪ್ರೀಂ ಕೋರ್ಟು ವಯಸ್ಕರ ಒಪ್ಪಿತ ಪ್ರೀತಿಯನ್ನು ಭಾರತೀಯ ದಂಡಸಂಹಿತೆಯ 377ನೇ ಕಲಮಿನಿಂದ ಬಿಡಿಸಿದಾಗ ಅದು ತೀರ್ಪನ್ನು ಊರಿದ್ದು ಸಂವಿಧಾನ ಕೊಟ್ಟ ಹಕ್ಕುಗಳ ಮೇಲೆ. ವಿಯೆನ್ನಾದವರು ಗೆದ್ದರೂ ಅದು ಅಲುಗದು.

ನನ್ನ ಪಣಕ್ಕೆ ಕಾರಣ ಪಾಲ್ ವೇಸಿ. ಕೆನಡಾದ ಲೆತ್‌ಬ್ರಿಡ್ಜ್ ವಿಶ್ವವಿದ್ಯಾಲಯದ ಈ ಮನುಷ್ಯ ಹೋಗಿದ್ದು ಪೆಸಿಫಿಕ್ ನಡುವಿನ ಸಮೋವಾ ದ್ವೀಪಕ್ಕೆ. ಅಲ್ಲಿ ಗಂಡಾಗಿ ಹುಟ್ಟಿ ಗಂಡಸರತ್ತ ಒಲಿದವರು ಟೊರಾಂಟೊದವರಂತೆ ಗಂಡಸರಾಗಿ ಬದುಕುವುದು ಅಪರೂಪ. ಅವರು ಫಅಫಾಫೀನೆಗಳು, ಗಂಡೂ ಅಲ್ಲದ ಹೆಣ್ಣೂ ಅಲ್ಲದ, ಊರಿಗೆಲ್ಲ ಬೇಕಾದ ಮೂರನೆಯವರು. ಅಣ್ಣಂದಿರನ್ನು ಎಣಿಸಿ ನೋಡಿದರೆ ಅಲ್ಲಿಯೂ ಹೆಚ್ಚು! ಮೆಕ್ಸಿಕೊದ ವಾಹಾಕಾ ಪ್ರಾಂತ್ಯದ ಝಪೊಟೆಕ್ ಜನರಲ್ಲಿ ಇಂಥವರನ್ನು ಮೂಶೆ ಎನ್ನುತ್ತಾರೆ. ಅಲ್ಲಿಯೂ ಅದೇ ಏರಿಕೆ, ಸಂಶೋಧಕರು 2020ರಲ್ಲಿ ವರದಿ ಮಾಡಿದರು. ಬೇರೆ ಸಮುದ್ರ, ಬೇರೆ ಭಾಷೆ, ಬೇರೆ ಉಡುಗೆ. ಒಲವಿನ ಬೀಜ ಗರ್ಭದ್ದಿರಬಹುದು, ಆದರೆ ಅದು ಬೆಳೆದು ಪ್ಯಾಂಟು ತೊಡುವುದೋ ಸೀರೆ ಉಡುವುದೋ, ಜನರು ಅದನ್ನು ಏನೆಂದು ಕರೆಯುವುದು, ಮನೆಯ ಯಾವ ಮೂಲೆಯಲ್ಲಿ ಕೂರಿಸುವುದು, ಇದೆಲ್ಲ ಊರಿನ ಕೆಲಸ.

ನಮ್ಮ ಊರಿನ ಕೆಲಸ ನೋಡಬೇಕಿದ್ದರೆ ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ, ಹುಲಿಗೆಮ್ಮನ ಜಾತ್ರೆಗೆ ಹೋಗಬೇಕು. ಗಂಡಾಗಿ ಹುಟ್ಟಿ ಸೀರೆಯುಟ್ಟು, ಮುತ್ತು ಕಟ್ಟಿಸಿಕೊಂಡು, ತಲೆಯ ಮೇಲೆ ಕೊಡ ಹೊತ್ತು ಕುಣಿಯುವ ಜೋಗಪ್ಪಗಳು ಅಲ್ಲಿರುತ್ತಾರೆ. ಪದ್ಮಶ್ರೀ ಪಡೆದ, ಜಾನಪದ ಅಕಾಡೆಮಿಯ ಅಧ್ಯಕ್ಷರಾಗಿದ್ದ ಮಂಜಮ್ಮ ಜೋಗತಿ ಆ ಪರಂಪರೆಯವರೇ. ಜೋಗಪ್ಪ ಆದದ್ದು ಹೇಗೆಂದು ಕೇಳಿದರೆ ಅಲ್ಲಿ ಸಿಗುವ ಉತ್ತರದಲ್ಲಿ ವಂಶವಾಹಿ ಇಲ್ಲ, ಪ್ರತಿಕಾಯವಿಲ್ಲ. ದೇವಿ ಹಿಡಿದುಕೊಂಡಳು, ಅಷ್ಟೆ. ತಲೆಯಲ್ಲಿ ಜಟೆ ಕಟ್ಟಿಕೊಂಡರೆ ಅವಳು ಕರೆದಳೆಂದೇ ಅರ್ಥ, ಒಲ್ಲೆ ಎನ್ನುವಂತಿಲ್ಲ. ಆ ಉತ್ತರದಲ್ಲಿ ಇನ್ನೂ ಎರಡು ಸಂಗತಿಗಳಿಲ್ಲ, ಅದನ್ನು ಗಮನಿಸಿದಾಗ ನಾನು ಕುರ್ಚಿಯಿಂದ ಎದ್ದು ಓಡಾಡಿಬಿಟ್ಟೆ. ತಾಯಿ ಬೆಳೆಸಿದ್ದು ಸರಿಯಿಲ್ಲ ಎಂಬ ದೂರು ಅದರಲ್ಲಿಲ್ಲ. ಹುಡುಗ ತಾನಾಗಿ ಹೀಗೆ ಆರಿಸಿಕೊಂಡ ಎಂಬ ಆರೋಪವೂ ಇಲ್ಲ. ಬೊಗಾರ್ಟ್ 944 ಗಂಡಸರ ಲೆಕ್ಕ ಹಾಕಿ ಕಳಚಿಹಾಕಲು ಹೊರಟದ್ದು ಇವೆರಡನ್ನೇ. ಗುಡ್ಡದ ಮೇಲೆ ಇವೆರಡೂ ಮೊದಲಿಂದಲೇ ಇರಲಿಲ್ಲ.